ಕ್ಷೌರದ ಕತ್ತಿ: ಹಿಡಿಯುವುದು, ಮಸೆಯುವುದು, ಕಾಪಾಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಒಂದು ಕತ್ತಿಯಿಂದ ನನಗೆ ಈ ಅಭ್ಯಾಸ ಹತ್ತಿತು. ಹನ್ನೊಂದು ವರ್ಷಗಳಿಂದ ಮಡಿಚುವ ಕ್ಷೌರದ ಕತ್ತಿಯಲ್ಲೇ ಗಡ್ಡ ತೆಗೆದುಕೊಳ್ಳುತ್ತಿದ್ದೇನೆ. ಕೇಳಿದವರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಜನ ಹೆಚ್ಚಾಗಿ ಕೇಳುವುದು ಮುಖದ ಬಗ್ಗೆ. ಆದರೆ ಅವರ ತೊಂದರೆ ಹೆಚ್ಚಾಗಿ ಇರುವುದು ಕತ್ತಿಯ ಅಂಚಿನಲ್ಲಿ. ಹಾಗಾಗಿ ಉತ್ತರಗಳು ಅಂಚಿನ ಕಡೆಗೇ ವಾಲಿವೆ.

ಸಲೂನಿನಲ್ಲಿ ಬಳಸುವ ಕತ್ತಿಯೂ ಇದೂ ಒಂದೇ ಅಲ್ಲವೇ?

ಅಲ್ಲ. ಈಗ ಸಲೂನುಗಳಲ್ಲಿ ಕಾಣುವುದು ಬ್ಲೇಡು ಸಿಕ್ಕಿಸುವ ಹಿಡಿ. ಎರಡು ಬದಿಯ ಬ್ಲೇಡನ್ನು ಉದ್ದಕ್ಕೆ ಮುರಿದು ಅರ್ಧವನ್ನು ಅದರೊಳಗೆ ಕೂರಿಸುತ್ತಾರೆ. ಒಬ್ಬರಿಗೆ ಬಳಸಿದ ಬ್ಲೇಡನ್ನು ಎಸೆದು ಇನ್ನೊಬ್ಬರಿಗೆ ಹೊಸದು ಹಾಕುತ್ತಾರೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಗ್ಗೆ ತಿಳಿವಳಿಕೆ ಹರಡಿದ ಮೇಲೆ ಈ ಪದ್ಧತಿ ಗಟ್ಟಿಯಾಗಿ ನಿಂತಿತು, ಅದು ಸರಿಯೂ ಹೌದು. ನಾನು ಹೇಳುತ್ತಿರುವ ಕತ್ತಿಯಲ್ಲಿ ಅಲಗೇ ಉಕ್ಕು. ಅದನ್ನು ಎಸೆಯುವುದಿಲ್ಲ, ಮಸೆಯುತ್ತೇವೆ. ಒಬ್ಬರ ಕತ್ತಿ ಒಬ್ಬರಿಗೇ.

ಮೊದಲ ಕತ್ತಿ ಯಾವುದಿರಬೇಕು?

ಅಲಗಿನ ಅಗಲವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. 5/8 ಎಂದರೆ ಸುಮಾರು 16 ಮಿಲಿಮೀಟರ್, 6/8 ಎಂದರೆ ಸುಮಾರು 19. ಹೊಸಬರಿಗೆ ಇವೆರಡೇ ಸಾಕು. ಅದಕ್ಕಿಂತ ಕಿರಿದಾದರೆ ನೊರೆ ಬೇಗ ತುಂಬಿಕೊಳ್ಳುತ್ತದೆ, ಅಗಲವಾದರೆ ಮೂಗಿನ ಕೆಳಗೆ ತಿರುಗಿಸಲು ಕಷ್ಟ.

ಅಲಗಿನ ತುದಿ ದುಂಡಗಿರಲಿ. ಚೂಪು ಮೂಲೆಯ ಕತ್ತಿ ನೋಡಲು ಚೆಂದ, ಆದರೆ ಮೊದಲ ತಿಂಗಳಲ್ಲಿ ಕಿವಿಯ ಹಾಲೆಗೆ ತಾಗುವುದು ಆ ಮೂಲೆಯೇ. ಅಡ್ಡ ಸೀಳಿ ನೋಡಿದರೆ ಕೆಲವು ಅಲಗುಗಳು ಬೆಣೆಯಂತೆ ದಪ್ಪ, ಕೆಲವು ಎರಡೂ ಬದಿಯಲ್ಲಿ ಒಳಕ್ಕೆ ಬಾಗಿ ತೆಳ್ಳಗೆ. ಒಳಬಾಗಿದ ಅಲಗು ಕೂದಲನ್ನು ಕತ್ತರಿಸುವಾಗ ಸಣ್ಣಗೆ ಸದ್ದು ಮಾಡುತ್ತದೆ. ಕೋನ ಸರಿಯಿದೆಯೇ ಎಂದು ಕಿವಿಯಿಂದಲೇ ತಿಳಿಯುವುದರಿಂದ ನಾನು ಅದನ್ನೇ ಹೇಳುತ್ತೇನೆ.

ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೇರ್ ಪಟ್ಟಣಗಳಲ್ಲಿ ಇಂದಿಗೂ ಒಳ್ಳೆಯ ಕತ್ತಿಗಳು ತಯಾರಾಗುತ್ತವೆ. ಆಮದಾಗಿ ನಮ್ಮ ಕೈಗೆ ಬರುವಷ್ಟರಲ್ಲಿ ಬೆಲೆ ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿ ದಾಟಿರುತ್ತದೆ. ಕೆಲವು ನೂರು ರೂಪಾಯಿಗೆ ಮಾರುವ ಹೊಳೆಹೊಳೆಯುವ ಕತ್ತಿಗಳನ್ನು ಕೊಳ್ಳಬೇಡಿ. ಅವುಗಳ ಉಕ್ಕಿಗೆ ಹದವಿಲ್ಲ, ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ. ಕಲಿಯಲು ಹೊರಟ ಎಷ್ಟೋ ಜನ ಕೈಬಿಟ್ಟಿರುವುದು ಇಂಥ ಕತ್ತಿಯಿಂದಲೇ, ತಪ್ಪು ತಮ್ಮ ಕೈಯದೆಂದು ತಿಳಿದು.

ಮನೆಯಲ್ಲಿ ಹಳೆಯ ಕತ್ತಿ ಸಿಕ್ಕಿದೆ. ಬಳಸಬಹುದೇ?

ಬಹಳಷ್ಟು ಸಲ ಬಳಸಬಹುದು. ಮೊದಲು ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು ಇದ್ದರೆ ಆಸೆ ಬಿಡಿ, ಅದನ್ನು ಸರಿಮಾಡಲಾಗದು. ಬೆನ್ನಿನ ಕಡೆ, ಅಂದರೆ ಅಂಚಿಗೆ ಎದುರಿನ ದಪ್ಪ ಬದಿಯಲ್ಲಿ, ಕಪ್ಪು ಕಲೆಗಳಿದ್ದರೆ ಚಿಂತೆಯಿಲ್ಲ. ಅಂಚಿನಲ್ಲೇ ತುಕ್ಕಿನ ಕುಳಿಗಳಿದ್ದರೆ, ಅವು ಮುಗಿಯುವವರೆಗೆ ಉಕ್ಕನ್ನು ಸವೆಸಬೇಕಾಗುತ್ತದೆ. ಅದು ಕೈ ಪಳಗಿದವರ ಕೆಲಸ.

ಆಮೇಲೆ ಅಲಗಿಗೂ ಹಿಡಿಗೂ ನಡುವಿನ ಕುತ್ತಿಗೆಯ ಮೇಲಿನ ಮುದ್ರೆ ಓದಿ. ಶೆಫೀಲ್ಡ್ ಎಂದಿದ್ದರೆ ಇಂಗ್ಲೆಂಡಿನದು. ಜರ್ಮನಿ ಎಂದು ದೇಶದ ಹೆಸರೇ ಕೊರೆದಿದ್ದರೆ ಅದು ಹೆಚ್ಚಾಗಿ 1890ರ ನಂತರದ್ದು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಅಮೆರಿಕ ಆ ವರ್ಷ ಸುಂಕದ ಕಾಯ್ದೆ ಮಾಡಿದ ಮೇಲೆ ಈ ರೂಢಿ ಹರಡಿತು.

ಹಿಡಿಯನ್ನೂ ನೋಡಬೇಕು. ನನ್ನ ಅಜ್ಜನ ಕತ್ತಿಯ ಹಿಡಿ ಆಮೆಚಿಪ್ಪಿನ ಬಣ್ಣದ್ದು. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದಾಗ ಕರ್ಪೂರದ ವಾಸನೆ ಬಂತು. ಅಂದರೆ ಅದು ಸೆಲ್ಯುಲಾಯ್ಡ್. ಆ ವಸ್ತುವನ್ನು ಕರ್ಪೂರ ಬೆರೆಸಿಯೇ ತಯಾರಿಸುತ್ತಿದ್ದರು. ಹಳತಾದಂತೆ ಅದು ಕೊಳೆಯತೊಡಗಿ ಆಮ್ಲದ ಹವೆ ಬಿಡುತ್ತದೆ, ಮಡಿಚಿಟ್ಟ ಅಲಗನ್ನು ಒಳಗಿನಿಂದಲೇ ತಿನ್ನುತ್ತದೆ. ನನ್ನ ಕತ್ತಿಯಲ್ಲಿ ಹಿಡಿಯೊಳಗೆ ಅಡಗಿದ್ದ ಭಾಗ ಮಾತ್ರ ತುಕ್ಕು ಹಿಡಿದಿತ್ತು, ಹೊರಗಿದ್ದ ಕುತ್ತಿಗೆ ಕನ್ನಡಿಯಂತಿತ್ತು. ಇಂಥ ಹಿಡಿ ಪುಡಿಯಾಗುತ್ತಿದ್ದರೆ ತೆಗೆಸಿ ಕೊಂಬಿನದೋ ಮರದ್ದೋ ಹಾಕಿಸಿ. ಬೇರೆ ಕತ್ತಿಗಳ ಜೊತೆ ಇಡಬೇಡಿ, ಬೆಂಕಿಯ ಹತ್ತಿರ ಒಯ್ಯಲೇಬೇಡಿ. ಆನೆದಂತದ ಹಿಡಿಯ ಕತ್ತಿಗಳನ್ನು ಮಾರುವುದೂ ಕೊಳ್ಳುವುದೂ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.

ಇದೆಲ್ಲ ಹೊರಗಿನಿಂದ ಬಂದ ವಸ್ತು. ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮಡಿಚುವ ಹಿಡಿ ಯುರೋಪಿನದಿರಬಹುದು. ಆದರೆ ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಯುರೋಪಿನವರು ಕರೆದ ವೂಟ್ಸ್ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಉಕ್ಕಾಗಿಸುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಕತ್ತಿ ಕತ್ತರಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಬಹಳ ಮೆಚ್ಚಿಕೊಂಡ. ಅವನೂ ಮೈಕೆಲ್ ಫ್ಯಾರಡೆಯೂ ಸೇರಿ ಇದರ ಗುಟ್ಟು ತಿಳಿಯಲು ಪ್ರಯೋಗಗಳನ್ನು ನಡೆಸಿ 1820ರಲ್ಲೂ 1822ರಲ್ಲೂ ಪ್ರಕಟಿಸಿದರು. ಆ ಪ್ರಯೋಗಗಳಲ್ಲಿ ಹುಟ್ಟಿದ ಮಿಶ್ರ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದ.

ಇನ್ನು ಕತ್ತಿ ಹಿಡಿದ ಕೈಗಳ ಮಾತು. ಹಳ್ಳಿಯ ಆಯಗಾರರಲ್ಲಿ ಕ್ಷೌರಿಕರೂ ಸೇರಿದ್ದರು, ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ಕತ್ತಿ ಕತ್ತರಿ ಇಡುವ ಅವರ ಚೀಲಕ್ಕೂ ಹಡಪ ಎಂಬ ಹೆಸರಿದೆ. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರನ್ನು ಈ ಸಮುದಾಯ ತನ್ನ ಹಿರಿಯರೆಂದು ಗೌರವಿಸುತ್ತದೆ. ಈ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವವರು ಒಮ್ಮೆ ಒಂದು ಕತ್ತಿಯನ್ನು ಸರಿಯಾಗಿ ಮಸೆಯಲು ಪ್ರಯತ್ನಿಸಲಿ. ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ತಿಪಟೂರಿನ ಕಡೆಯ ಒಬ್ಬ ಹಿರಿಯ ಕ್ಷೌರಿಕರಿಂದ ಕಲಿತದ್ದು. ನಿಮ್ಮ ಊರಿನಲ್ಲೂ ಎಪ್ಪತ್ತು ದಾಟಿದ ಇಂಥವರೊಬ್ಬರು ಇದ್ದಾರು. ಅಂಗಡಿಗೆ ರಜೆ ಇರುವ ಮಂಗಳವಾರ ಹೋಗಿ ಕೇಳಿ, ಮಾತಿಗೆ ಬಿಡುವಿರುತ್ತದೆ.

ಹೊಸ ಕತ್ತಿಯನ್ನು ತಂದ ದಿನವೇ ಬಳಸಬಹುದೇ?

ಬಳಸದಿರುವುದು ಒಳ್ಳೆಯದು. ಅನೇಕ ಕತ್ತಿಗಳು ಕಾರ್ಖಾನೆಯಿಂದ ಬರುವಾಗ ಮುಖಕ್ಕೆ ಬೇಕಾದಷ್ಟು ಹರಿತವಾಗಿರುವುದಿಲ್ಲ. ಮಸೆದೇ ಕಳಿಸುತ್ತೇವೆ ಎನ್ನುವ ಮಾರಾಟಗಾರರಿಂದ ಕೊಳ್ಳಿ, ಅಥವಾ ಬಲ್ಲವರಿಂದ ಮೊದಲ ಸಲ ಮಸೆಯಿಸಿ. ಒಳ್ಳೆಯ ಅಂಚು ಮುಖದ ಮೇಲೆ ಹೇಗಿರುತ್ತದೆ ಎಂದು ಒಮ್ಮೆ ಗೊತ್ತಾದರೆ ಮುಂದೆ ನೀವೇ ಮಸೆಯುವಾಗ ಎಲ್ಲಿಗೆ ತಲುಪಬೇಕೆಂಬುದು ತಿಳಿದಿರುತ್ತದೆ.

ಚರ್ಮದ ಪಟ್ಟಿಗೆ ಎಳೆಯುವುದು ಏಕೆ? ಹೇಗೆ?

ಪ್ರತಿ ಸಲ ಗಡ್ಡ ತೆಗೆಯುವ ಮುಂಚೆ ಎಳೆಯಬೇಕು. ಅಂಚು ಎಷ್ಟು ತೆಳುವೆಂದರೆ ಒಂದು ಸಲದ ಕ್ಷೌರಕ್ಕೇ ಅಲ್ಲಲ್ಲಿ ಸೊಟ್ಟಗಾಗುತ್ತದೆ. ಕಲ್ಲು ಉಕ್ಕನ್ನು ಸವೆಸಿ ಅಂಚನ್ನು ಹುಟ್ಟಿಸುತ್ತದೆ. ಚರ್ಮ ಅದನ್ನು ನೇರ ಮಾಡಿ ನಯಗೊಳಿಸುತ್ತದೆ.

ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೋ ಬಾಗಿಲ ಚಿಲಕಕ್ಕೋ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಜೋಲು ಬಿಟ್ಟರೆ ಅಂಚು ದುಂಡಗಾಗುತ್ತದೆ. ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಬೆನ್ನೂ ಅಂಚೂ ಎರಡೂ ಚರ್ಮಕ್ಕೆ ತಾಗಿರಲಿ. ಬೆನ್ನು ಮುಂದೆ ಹೋಗಬೇಕು, ಅಂಚು ಹಿಂದಿನಿಂದ ಬರಬೇಕು. ಕೊನೆ ಮುಟ್ಟಿದಾಗ ಕತ್ತಿಯನ್ನು ಎತ್ತದೆ, ಕುತ್ತಿಗೆಯನ್ನು ಬೆರಳುಗಳ ನಡುವೆ ಉರುಳಿಸಿ ಬೆನ್ನಿನ ಮೇಲೇ ಮಗುಚಿ ಹಿಂದಕ್ಕೆ ಎಳೆಯಬೇಕು. ಮಣಿಕಟ್ಟು ತಿರುಗಬಾರದು, ತಿರುಗುವುದು ಬೆರಳುಗಳಷ್ಟೇ. ಮೊದಲು ದಪ್ಪ ಬಟ್ಟೆಯ ಪಟ್ಟಿಯ ಮೇಲೆ ಇಪ್ಪತ್ತು ಸಲ ಹೋಗಿಬರುವುದು, ಆಮೇಲೆ ಚರ್ಮದ ಮೇಲೆ ಐವತ್ತು ಸಲ. ಇದು ನನ್ನ ಲೆಕ್ಕ.

ತಿಪಟೂರಿನ ಅಜ್ಜ ಪಟ್ಟಿಗೆ ಎಳೆಯುವಾಗ ಕಣ್ಣು ಬೇರೆಲ್ಲೋ ಇರುತ್ತಿತ್ತು, ಕಿವಿ ಮಾತ್ರ ಅಲ್ಲಿರುತ್ತಿತ್ತು. ಹೋಗುವಾಗಲೂ ಬರುವಾಗಲೂ ಸದ್ದು ಒಂದೇ ಸಮನಾಗಿರಬೇಕು ಎನ್ನುತ್ತಿದ್ದರು. ನನ್ನ ಕೈಯಲ್ಲಿ ಒಂದು ಕಡೆ ‘ಸರ್’ ಎಂದು, ಇನ್ನೊಂದು ಕಡೆ ‘ಚರ್’ ಎಂದು ಬರುತ್ತಿತ್ತು. ‘ಒಂದು ಮಗ್ಗುಲಿಗೆ ಒತ್ತುತ್ತಿದ್ದೀಯಪ್ಪ, ಬಿಟ್ಟುಬಿಡು, ಅದರ ಭಾರವೇ ಸಾಕು’ ಎಂದರು. ಆ ಮಾತು ಪಟ್ಟಿಗೂ ಕಲ್ಲಿಗೂ ಮುಖಕ್ಕೂ ಒಂದೇ.

ಪಟ್ಟಿಯೇ ಕುಯ್ದುಹೋಯಿತು. ಏನು ಮಾಡಲಿ?

ಮೊದಲ ಪಟ್ಟಿ ಎಲ್ಲರದೂ ಕುಯ್ಯುತ್ತದೆ. ಸಣ್ಣ ಗೀರಾದರೆ ನಯವಾದ ಮರಳು ಕಾಗದದಿಂದ ಉಜ್ಜಿ ಮಟ್ಟಮಾಡಿ. ಚರ್ಮ ಎದ್ದಿದ್ದರೆ ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಉಜ್ಜಿ. ಕಲಿಯುವವರೆಗೆ ಅಗ್ಗದ ಪಟ್ಟಿಯನ್ನೇ ಬಳಸಿ, ನಿಧಾನವಾಗಿ ಎಳೆಯಿರಿ. ವೇಗ ತಾನಾಗಿ ಬರುತ್ತದೆ.

ಕಲ್ಲಿನ ಮೇಲೆ ಎಷ್ಟು ದಿನಕ್ಕೊಮ್ಮೆ ಮಸೆಯಬೇಕು?

ಪಟ್ಟಿಯ ಕೆಲಸ ಸರಿಯಾಗಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಪಟ್ಟಿಗೆ ಎಳೆದ ಮೇಲೂ ಕತ್ತಿ ಕೂದಲನ್ನು ಜಗ್ಗಿದಂತೆ ಅನಿಸಿದರೆ ಕಲ್ಲಿನ ಸಮಯ ಬಂತೆಂದು ತಿಳಿಯಿರಿ.

ಮನೆಯಲ್ಲೇ ಮಸೆಯುವ ಕ್ರಮ ಹೇಗೆ?

ಅಡುಗೆಮನೆಯ ಚಾಕು ಮಸೆಯುವಾಗ ಕೋನವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕ್ಷೌರದ ಕತ್ತಿಯಲ್ಲಿ ಆ ಕಷ್ಟವಿಲ್ಲ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗಿ ಮಲಗಿದರೆ ಕೋನ ಸರಿಯಾಗಿಯೇ ಇರುತ್ತದೆ. ಇದನ್ನು ಯೋಚಿಸಿ ಮಾಡಿದವರ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ.

ಕಲ್ಲು ಮಟ್ಟವಾಗಿರಬೇಕು. ಅದರ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ, ನೀರು ಹಾಕಿ ಬಳಸುವ ಮರಳು ಕಾಗದಕ್ಕೆ ಉಜ್ಜಿ. ಗೆರೆ ಉಳಿದ ಕಡೆ ತಗ್ಗಿದೆ ಎಂದರ್ಥ. ಎಲ್ಲ ಗೆರೆಯೂ ಅಳಿಯುವವರೆಗೆ ಉಜ್ಜಬೇಕು.

ಕಲ್ಲಿನ ನಂಬರು ಹೆಚ್ಚಿದಷ್ಟೂ ಅದು ನಯ. 1000 ನಂಬರಿನ ಕಲ್ಲಿನಲ್ಲಿ ಅಂಚಿನ ಇಳಿಜಾರು ಮೂಡಿಸುವುದು ಮೊದಲ ಹಂತ. ಇದು ತಪ್ಪಿದರೆ ಮುಂದಿನ ಯಾವ ಕಲ್ಲೂ ಸರಿಮಾಡಲಾರದು. ಮಾರ್ಕರ್ ಪೆನ್ನಿನಿಂದ ಅಂಚಿನುದ್ದಕ್ಕೂ ಕಪ್ಪು ಬಳಿದು ಒಂದು ಸಲ ಎಳೆದು ನೋಡಿ. ಕಪ್ಪು ಉಳಿದಿರುವ ಕಡೆ ಕಲ್ಲು ತಾಗುತ್ತಿಲ್ಲ. ಎರಡೂ ಬದಿಯಲ್ಲಿ ಹಿಮ್ಮಡಿಯಿಂದ (ಅಂಚಿನ ಹಿಡಿಯ ಕಡೆಯ ಕೊನೆಯಿಂದ) ತುದಿಯವರೆಗೆ ಸಮನಾಗಿ ಅಳಿದರೆ ಮುಂದಕ್ಕೆ ಹೋಗಿ. ಆಮೇಲೆ 4000 ಅಥವಾ 5000, ಅನಂತರ 8000, ಕೊನೆಗೆ 12000. ಪ್ರತಿ ಕಲ್ಲೂ ಹಿಂದಿನದರ ಗೀರುಗಳನ್ನು ಅಳಿಸುವುದಕ್ಕೆ. ಕಲ್ಲಿನ ಮೇಲೆ ಪಟ್ಟಿಗೆ ವಿರುದ್ಧ: ಇಲ್ಲಿ ಅಂಚು ಮುಂದೆ ಹೋಗುತ್ತದೆ. ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಿರುವುದರಿಂದ ಮುಂದಕ್ಕೆ ತಳ್ಳುತ್ತಲೇ ಓರೆಯಾಗಿ ಹಿಡಿಯ ಕಡೆಗೆ ಎಳೆದುಕೊಳ್ಳಬೇಕು, ಆಗ ತುದಿಯೂ ಕಲ್ಲನ್ನು ಮುಟ್ಟುತ್ತದೆ. ಕಲ್ಲಿನ ಮೇಲೆ ನೀರು ನಿಂತಿರಲಿ. ಅಂಚು ಸಮನಾಗಿ ಕೂತಿದ್ದರೆ ನೀರು ಅಲಗಿನ ಮುಂದೆ ಒಂದೇ ಅಲೆಯಾಗಿ ಸರಿಯುತ್ತದೆ, ಅಂಚಿನ ಮೇಲಕ್ಕೇರುತ್ತದೆ. ಆ ಅಲೆಯನ್ನೇ ನೋಡುತ್ತಾ ಮಸೆಯಿರಿ.

ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಹಳದಿ ಕೋಟಿಕ್ಯೂಲ್ ಕಲ್ಲು ಕೊಡುವ ಅಂಚು ಬಹಳ ಮೃದು. ಬೆಲೆ ಜಾಸ್ತಿ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡಬಹುದೇ?

ದಯವಿಟ್ಟು ಬೇಡ. ಚಾಕು, ಕತ್ತರಿಗೆ ಅವರ ಕೆಲಸ ಚೆನ್ನಾಗಿರುತ್ತದೆ. ಆದರೆ ಓಡುವ ಚಕ್ರಕ್ಕೆ ಈ ತೆಳು ಅಂಚು ತಾಗಿದರೆ ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ. ನೀಲಿಯಾದ ಜಾಗದಲ್ಲಿ ಉಕ್ಕಿನ ಹದ ಹೋಯಿತೆಂದೇ ಲೆಕ್ಕ. ಸ್ನೇಹಿತರೊಬ್ಬರ ಶೆಫೀಲ್ಡ್ ಕತ್ತಿ ಹೀಗೆ ಹಾಳಾದದ್ದನ್ನು ಕಂಡಿದ್ದೇನೆ, ಈಗಲೂ ಸಂಕಟವಾಗುತ್ತದೆ.

ಹರಿತವಾಗಿದೆಯೇ ಎಂದು ತಿಳಿಯುವುದು ಹೇಗೆ?

ಬೆರಳನ್ನು ಅಂಚಿನ ಮೇಲೆ ಜಾರಿಸಬೇಡಿ. ಮುಂಗೈಯ ಕೂದಲಿಗೆ, ಚರ್ಮ ಮುಟ್ಟದಂತೆ ಕಾಲು ಅಂಗುಲ ಮೇಲೆ ಕತ್ತಿ ಆಡಿಸಿ. ಕೂದಲ ತುದಿಗಳು ತಾವಾಗಿ ಉದುರಿದರೆ ಮುಖಕ್ಕೆ ಸಿದ್ಧ.

ನೊರೆ ಸರಿಯಾಗಿ ಏಳುವುದೇ ಇಲ್ಲ, ಏಕೆ?

ಬೋರ್‌ವೆಲ್ ನೀರಾಗಿದ್ದರೆ ಕಾರಣ ಅದೇ. ಗಡಸು ನೀರಿನಲ್ಲಿ ಸೋಪು ಒಡೆದು ತೆಳ್ಳಗಾಗುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರು ಅರ್ಧ ಲೋಟ ಬಿಸಿಮಾಡಿಕೊಂಡರೆ ಸಾಕು. ಸ್ನಾನವಾದ ಮೇಲೆ ಅಥವಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಹಿಡಿದ ಮೇಲೆ ನೊರೆ ಹಚ್ಚಿ. ನೀರುಂಡ ಕೂದಲು ಸುಲಭವಾಗಿ ಕತ್ತರಿಸುತ್ತದೆ. ನೊರೆ ಗಟ್ಟಿ ಮೊಸರಿನ ಹದದಲ್ಲಿರಲಿ, ಗುಳ್ಳೆಗಳಿರಬಾರದು. ಡಬ್ಬಿಯ ಫೋಮ್ ಈ ಕತ್ತಿಗೆ ಒಗ್ಗುವುದಿಲ್ಲ.

ಕತ್ತಿ ಹಿಡಿಯುವುದು ಹೇಗೆ? ಎಲ್ಲಿಂದ ಶುರುಮಾಡಬೇಕು?

ಹೆಬ್ಬೆರಳು ಕುತ್ತಿಗೆಯ ಕೆಳಗೆ, ಮೂರು ಬೆರಳು ಮೇಲೆ, ಕಿರುಬೆರಳು ಕುತ್ತಿಗೆಯ ಕೊನೆಯಲ್ಲಿ ಹೊರಚಾಚಿದ ಬಾಲದ ಮೇಲೆ. ಅಲಗನ್ನು ಮೊದಲು ಚಪ್ಪಟೆಯಾಗಿ ಕೆನ್ನೆಗೆ ಒರಗಿಸಿ, ಆಮೇಲೆ ಬೆನ್ನನ್ನು ಅದರದೇ ದಪ್ಪದ ಎರಡರಷ್ಟು ಎತ್ತಿ. ಸುಮಾರು ಮೂವತ್ತು ಡಿಗ್ರಿ ಕೋನವಾಗುತ್ತದೆ. ಹೆಚ್ಚು ಎತ್ತಿದರೆ ಕುಯ್ಯುತ್ತದೆ, ಕಡಿಮೆಯಾದರೆ ಜಗ್ಗುತ್ತದೆ.

ಕೆಲಸದಲ್ಲಿ ಅರ್ಧ ಪಾಲು ಇನ್ನೊಂದು ಕೈಯದು. ಅದು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಕಿವಿಯ ಪಕ್ಕದಿಂದ ದವಡೆಯವರೆಗೆ ಕೂದಲು ಬೆಳೆದ ದಿಕ್ಕಿನಲ್ಲಿ, ಒಂದೊಂದು ಅಂಗುಲದ ಸಣ್ಣ ಎಳೆತಗಳು. ಅಲಗು ಎಂದಿಗೂ ತನ್ನ ಉದ್ದಕ್ಕೆ ಜಾರಬಾರದು. ತರಕಾರಿ ಕುಯ್ಯುವುದು ಹಾಗೆಯೇ, ಚರ್ಮ ಕುಯ್ಯುವುದೂ ಹಾಗೆಯೇ.

ಮೊದಲ ವಾರ ಎರಡು ಕೆನ್ನೆ ಮಾತ್ರ. ಉಳಿದದ್ದನ್ನು ನಿಮ್ಮ ಹಳೆಯ ರೇಜರಿನಲ್ಲಿ ಮುಗಿಸಿ. ಎರಡನೆಯ ವಾರ ಕತ್ತು. ಗದ್ದ ಮತ್ತು ಮೇಲ್ದುಟಿ ಕೊನೆಗೆ. ಗಂಟಲಿನ ಉಬ್ಬಿನ ಮೇಲೆ ಎಳೆಯಬೇಡಿ, ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಅಲ್ಲಿ ತೆಗೆಯಿರಿ. ಎದುರು ದಿಕ್ಕಿನ ಎಳೆತ ಎರಡು ತಿಂಗಳಾದರೂ ಬೇಡ.

ಎಡಗೆನ್ನೆಗೆ ಎಡಗೈಯನ್ನೇ ಬಳಸಬೇಕೇ?

ಬಳಸಿದರೆ ಒಳ್ಳೆಯದು. ಬಲಗೈ ಎದುರಿಗೆ ಬಂದರೆ ಕನ್ನಡಿಯೇ ಮರೆಯಾಗುತ್ತದೆ. ಎಡಗೈಗೆ ಯಾವ ಕೆಟ್ಟ ಅಭ್ಯಾಸವೂ ಇರುವುದಿಲ್ಲವಾದ್ದರಿಂದ ಅದು ಹೇಳಿದಂತೆ ಕೇಳುತ್ತದೆ.

ಉರಿ, ಗೀರು, ರಕ್ತ?

ಉರಿಗೆ ಕಾರಣ ಮೊಂಡು ಅಂಚು ಅಥವಾ ಒತ್ತಡ, ಬಹುಪಾಲು ಮೊದಲನೆಯದರಿಂದಲೇ ಎರಡನೆಯದು. ಕತ್ತರಿಸದ ಕತ್ತಿಯನ್ನು ಕೈ ತಾನಾಗಿ ಒತ್ತುತ್ತದೆ. ಗೀರಾದರೆ ತಣ್ಣೀರು ಹಾಕಿ, ಒದ್ದೆ ಮಾಡಿದ ಪಟಿಕದ ತುಂಡನ್ನು ಒತ್ತಿ ಹಿಡಿಯಿರಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಕೈ ನಡುಗುವವರು ಈ ಕತ್ತಿ ಹಿಡಿಯದಿರುವುದೇ ಕ್ಷೇಮ. ಕೈಜಾರಿ ಬೀಳುವ ಕತ್ತಿಯನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆಯಿರಿ. ಕತ್ತಿ ಹಾಳಾದರೆ ಆಗಲಿ.

ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ. ಬಳಸುವಾಗಲೇ ನೀರು ಹಿಡಿಯೊಳಗೆ ಹೋಗದಂತೆ ಅಲಗನ್ನಷ್ಟೇ ತೊಳೆಯಿರಿ. ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ತಿರುಗಣೆಯ ಸಂದಿಗೆ ಕಾಗದದ ತುಂಡು ತೂರಿಸಿ ತೇವ ಹೀರಿಸಿ. ಒಣ ಪಟ್ಟಿಗೆ ಹತ್ತು ಸಲ ಎಳೆದರೆ ಅಂಚಿನಲ್ಲಿ ಉಳಿದ ತೇವವೂ ಹೋಗುತ್ತದೆ. ಒಂದು ಗಂಟೆ ತೆರೆದಿಟ್ಟು ಆಮೇಲೆ ಮಡಿಚಿ. ಬಚ್ಚಲುಮನೆಯಲ್ಲಿ ಇಡಲೇಬೇಡಿ.

ಎರಡು ಮೂರು ದಿನ ಬಳಸುವುದಿಲ್ಲವೆಂದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಜಿಗುಟಾಗಿ ಕಮಟು ನಾರುತ್ತದೆ. ಚರ್ಮದ ಒರೆಯಲ್ಲಿ ತುಂಬ ದಿನ ಇಡುವುದೂ ಒಳ್ಳೆಯದಲ್ಲ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅಪ್ಪ, ಮಗ ಒಂದೇ ಕತ್ತಿ ಬಳಸಬಹುದೇ?

ಬೇಡ. ಕಾಣದಷ್ಟು ಸಣ್ಣ ಗೀರಿನಿಂದಲೂ ರಕ್ತದ ಸೋಂಕು ದಾಟುತ್ತದೆ. ಕುದಿಸಿದರೆ ಅಂಚೂ ಹಿಡಿಯೂ ಹಾಳು.

ವಿಮಾನದಲ್ಲಿ ಒಯ್ಯಬಹುದೇ?

ಕೈಚೀಲದಲ್ಲಿ ಬಿಡುವುದಿಲ್ಲ. ತೂಕಕ್ಕೆ ಹಾಕುವ ಸಾಮಾನಿನಲ್ಲಿ, ಅಂಚಿಗೆ ಯಾರ ಕೈಯೂ ತಾಗದಂತೆ ಡಬ್ಬಿಯಲ್ಲಿಟ್ಟು ಒಯ್ಯಿರಿ.

ಕೈ ಕೂಡಲು ಎಷ್ಟು ದಿನ ಬೇಕು?

ಮೂವತ್ತು ಸಲ ಗಡ್ಡ ತೆಗೆದ ಮೇಲೆ ಭಯ ಹೋಗುತ್ತದೆ, ನೂರು ಸಲದ ಹೊತ್ತಿಗೆ ಕೈ ಕೂಡುತ್ತದೆ. ನನಗೆ ಮೊದಲು ನಲವತ್ತು ನಿಮಿಷ ಹಿಡಿಯುತ್ತಿತ್ತು, ಈಗ ಪಟ್ಟಿಗೆ ಎಳೆಯುವುದೂ ಸೇರಿ ಇಪ್ಪತ್ತು. ತಿಪಟೂರಿನ ಅಜ್ಜ ಊದಿದ ಬಲೂನಿಗೆ ನೊರೆ ಹಚ್ಚಿ ಮೊಮ್ಮಗನ ಕೈಗೆ ಕತ್ತಿ ಕೊಟ್ಟು ಕೂರಿಸಿದ್ದನ್ನು ನೋಡಿದ್ದೇನೆ. ಹುಡುಗ ನೊರೆಯನ್ನೆಲ್ಲ ತೆಗೆದು ಮುಗಿಸಿದ. ಬಲೂನು ಒಡೆಯಲಿಲ್ಲ. ಅಜ್ಜ ಅದನ್ನು ಒರೆಸಿ, ಮತ್ತೆ ನೊರೆ ಹಚ್ಚಿ, ‘ಈಗ ಎಡಗೈ’ ಎಂದರು.